ಕಾಯಿ ಹಾಕಿ ಅಂದರೆ ಯಾವ ಕಾಯಿ?

ಓದುಗರ ಪತ್ರ: ಶಿರಸಿ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ‘ಮಾಡುವ ವಿಧಾನ’ ಬರೆಯಲು ಹೇಳಿದರೆ ಎಲ್ಲವನ್ನೂ ಒಂದೇ ಉಸಿರಿಗೆ ಬರೆದು ಮುಗಿಸುತ್ತಾರಂತೆ. ‘ಎಷ್ಟು ಹೊತ್ತು’ ಎಂಬುದನ್ನಂತೂ ಬರೆಯುವುದೇ ಇಲ್ಲವಂತೆ. ‘ಮೊದಲು, ನಂತರ, ಆಮೇಲೆ, ಕೊನೆಗೆ’ ಎಂದು ಚಾರ್ಟ್ ಬರೆದು ಗೋಡೆಗೆ ಹಚ್ಚಿದರೂ ಪ್ರಯೋಜನ ಆಗಿಲ್ಲ. ಇನ್ನೇನು ಮಾಡಲಿ ಎಂದು ಕೇಳಿದ್ದಾರೆ. ಒಬ್ಬ ಹುಡುಗಿಯ ಬರಹವನ್ನೂ ಜೊತೆಗೆ ಕಳಿಸಿದ್ದಾರೆ: ‘ಒಂದೆಲಗ ತಂದು ತೊಳೆದು ಅಮ್ಮ ಅರೆಯುತ್ತಾಳೆ ಆಮೇಲೆ ಮಜಿಗೆ ಹಾಕಬೇಕು ಆಮೇಲೆ ಒಗ್ಗರಣೆ ಹಾಕು ತಂಬುಳಿ ಆಯಿತು.’

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ.

ನಿಮ್ಮ ಹುಡುಗಿಯ ತಂಬುಳಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಓದಲು ಕೊಟ್ಟೆ. ಶಿರಸಿ, ಸಿದ್ದಾಪುರದ ಕಡೆಯವರು ‘ಸರಿಯಾಗೇ ಇದೆಯಲ್ಲ’ ಅಂದರು. ಬಯಲುಸೀಮೆಯಿಂದ ಬಂದ ನಮ್ಮ ಡಿಟಿಪಿ ಹುಡುಗ ಮಾತ್ರ ‘ಎಷ್ಟು ಹೊತ್ತು ಕುದಿಸಬೇಕು ಸಾರ್?’ ಎಂದು ಕೇಳಿದ.

ಕುದಿಸಬಾರದು ಅಂತ ಅವಳು ಬರೆದಿಲ್ಲ. ಯಾಕೆ ಬರೆಯಬೇಕು? ಅವಳ ಮನೆಯಲ್ಲಿ ಮಜ್ಜಿಗೆ ಸೇರಿದ ಮೇಲೆ ತಂಬುಳಿಯನ್ನು ಒಲೆಯ ಮೇಲೆ ಇಟ್ಟವರೇ ಇಲ್ಲ. ಮನೆಯಲ್ಲಿ ಯಾರೂ ಮಾಡದ ತಪ್ಪು ಮಗುವಿಗೆ ಹೊಳೆಯುವುದೂ ಇಲ್ಲ. ಕಾಯಿತುರಿ, ಜೀರಿಗೆ, ಕಾಳುಮೆಣಸು ಬಿಟ್ಟುಹೋದದ್ದಕ್ಕೂ ಮರೆವು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಅರೆಯುವುದು ಅಂದರೆ ಅವೆಲ್ಲ ಸೇರಿಯೇ ಅರೆಯುವುದು ಅಂತ ಅವಳ ಲೆಕ್ಕ. ಓದುವವರು ನೀವು. ನಿಮಗೆ ತಂಬುಳಿ ಮಾಡಲು ಚೆನ್ನಾಗಿ ಬರುತ್ತದೆ ಅಂತಲೂ ಅವಳಿಗೆ ಗೊತ್ತು. ಗೊತ್ತಿದ್ದವರಿಗೆ ಇನ್ನೆಷ್ಟು ಹೇಳುವುದು?

ಆದ್ದರಿಂದ ಸದ್ಯಕ್ಕೆ ಚಾರ್ಟ್ ತೆಗೆದಿಡಿ. ಅದನ್ನು ನೋಡಿ ಮಕ್ಕಳು ನಾಲ್ಕು ಕಡೆ ‘ನಂತರ’ ಸೇರಿಸುತ್ತಾರೆ, ಜೀರಿಗೆ ಬಿಟ್ಟಲ್ಲೇ ಬಿಟ್ಟಿರುತ್ತದೆ. ಮಕ್ಕಳಿಗೆ ಬೇಕಾಗಿರುವುದು ವಿಷಯ ಗೊತ್ತಿಲ್ಲದ, ಬರೆದದ್ದನ್ನು ಓದಿ ಹಾಗೇ ಮಾಡುವ ಒಬ್ಬ ಓದುಗ.

ಇದು ನಿಮ್ಮ ಶಾಲೆಯ ಮಕ್ಕಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ನಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಮಗುವಿಗೆ ಹೇಳಿಕೊಟ್ಟು, ಇನ್ನೊಂದು ಮಗುವಿಗೆ ವಿವರಿಸು ಅನ್ನುತ್ತಿದ್ದರು. ಆ ಪುಟ್ಟ ಮಕ್ಕಳು ಕೇಳುವವರಿಗೆ ಮೊದಲೇ ಎಲ್ಲ ಗೊತ್ತು ಎಂಬಂತೆ ಹೇಳಿ ಮುಗಿಸುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ರಾಬರ್ಟ್ ಕ್ರಾಸ್ ಇಬ್ಬರು ಮಕ್ಕಳ ನಡುವೆ ಪರದೆ ಇಟ್ಟು ನೋಡಿದರು. ಇಬ್ಬರ ಹತ್ತಿರವೂ ಹೆಸರಿಲ್ಲದ ವಿಚಿತ್ರ ಚಿತ್ರಗಳಿರುವ ಒಂದೇ ಥರದ ತುಂಡುಗಳು. ಒಬ್ಬ ಹೇಳಬೇಕು, ಇನ್ನೊಬ್ಬ ಅದೇ ಕ್ರಮದಲ್ಲಿ ಪೇರಿಸಬೇಕು. ಚಿಕ್ಕವರು ತಮಗೊಬ್ಬರಿಗೇ ಅರ್ಥವಾಗುವ ಹೆಸರು ಹೇಳಿ ಸುಮ್ಮನಾಗುತ್ತಿದ್ದರು.

ಆ ಪರದೆ ಆಟವನ್ನು ನಿಮ್ಮ ಮಕ್ಕಳಿಗೂ ಆಡಿಸಿ. ಪರದೆ ಬೇಡ, ನಡುವೆ ಒಂದು ಶಾಲೆಯ ಚೀಲ ನಿಲ್ಲಿಸಿದರೆ ಸಾಕು. ಈಚೆಯವಳ ಎದುರು ಪುಟ್ಟದೊಂದು ಚುಕ್ಕಿ ರಂಗೋಲಿ ಇರಲಿ, ಅವಳು ಹೇಳಲಿ. ಆಚೆಯವನು ಕೇಳಿಕೊಂಡು ಬಿಡಿಸಲಿ. ‘ಐದು ಚುಕ್ಕಿ, ಐದು ಸಾಲು’ ಎಂಬಲ್ಲಿಗೆ ತೊಂದರೆ ಇರುವುದಿಲ್ಲ. ‘ಇಲ್ಲಿಂದ ಹೀಗೆ ಎಳಿ’ ಅಂದಳೋ, ಆಚೆಯವನು ಪೆನ್ಸಿಲ್ ಹಿಡಿದು ಸುಮ್ನೆ ಕೂರುತ್ತಾನೆ. ಎಲ್ಲಿಂದ? ಹೇಗೆ? ಆಗ ಅವಳೇ ಹುಡುಕಿಕೊಳ್ಳುತ್ತಾಳೆ: ಮೇಲಿನ ಸಾಲು, ಎಡಗಡೆಯಿಂದ ಎರಡನೇ ಚುಕ್ಕಿ, ಅಡ್ಡ ಗೆರೆ. ಒಂದಷ್ಟು ದಿನ ಬಾಯಲ್ಲೇ ಆಡಿಸಿ, ಬರೆಸುವುದು ಆಮೇಲೆ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರಲ್ಲ, ಮೂರನೆಯವರಿಗೆ ಬೇಕಾದ ಏನೂ ಗೊತ್ತಿಲ್ಲದ ಕೇಳುಗರು ಪಕ್ಕದಲ್ಲೇ ಇದ್ದಾರೆ!

ಇನ್ನೊಂದು ಆಟಕ್ಕೆ ಸ್ವಲ್ಪ ನಾಟಕ ಬರಬೇಕು. ಹಚ್ಚಿದ ಅವಲಕ್ಕಿ ಮಾಡುವುದನ್ನು ಬರೆಸಿ, ಬರೆದಷ್ಟನ್ನೇ ಅವರ ಎದುರು ಮಾಡಿ. ‘ಅವಲಕ್ಕಿಗೆ ಕಾಯಿ ಹಾಕಿ’ ಎಂದಿದ್ದರೆ ಸಿಪ್ಪೆ ಸಮೇತ ಇಡೀ ತೆಂಗಿನಕಾಯಿ ಎತ್ತಿ ಪಾತ್ರೆಯೊಳಗೆ ಇಡಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ‘ತುರಿದು ಹಾಕಿ ಅಕ್ಕೋರೇ’ ಎಂದು ಕೂಗುತ್ತಾರೆ. ‘ಹಾಗಂತ ಎಲ್ಲಿ ಬರೆದಿದೆ?’ ಎಂದು ಕೇಳಿ. ಆದರೆ ಇದನ್ನು ಜಾಸ್ತಿ ಆಡಿಸಬೇಡಿ. ಆಮೇಲೆ ಮಕ್ಕಳು ‘ಕೈ ಚಾಚಿ, ಡಬ್ಬಿ ಹಿಡಿಯಿರಿ, ಮುಚ್ಚಳ ತಿರುಗಿಸಿ’ ಎಂದು ಎರಡು ಪುಟ ತುಂಬಿಸಲು ಶುರುಮಾಡುತ್ತಾರೆ. ಮುಚ್ಚಳ ತೆಗೆಯಲು ಯಾರಿಗೆ ಬರುವುದಿಲ್ಲ? ಏನು ಹೇಳಬೇಕು, ಏನು ಬಿಡಬಹುದು ಅನ್ನುವುದು ಓದುವವರು ಯಾರು ಎಂಬುದರ ಮೇಲೆ ಹೋಗುತ್ತದೆ.

ಕ್ರಮ ಕಲಿಸಲು ನಿಮ್ಮೂರಲ್ಲಿ ಅಡಿಕೆಗಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಹಸಿರು ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳ ಮೇಲೆ ಒಣಗಿಸಿ, ಆಮೇಲೆ ಸುಲಿದರೆ ಚಾಲಿ. ಒಂದಕ್ಕೆ ಸುಲಿಯುವುದು ಮೊದಲು, ಇನ್ನೊಂದಕ್ಕೆ ಒಣಗಿಸುವುದು ಮೊದಲು. ಈ ಕೆಲಸಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲೆಸಿ ಕೊಡಿ, ಜೋಡಿಸಲಿ. ತೋಟದ ಮನೆಯ ಮಕ್ಕಳು ಜಗಳಕ್ಕೇ ಬೀಳುತ್ತಾರೆ. ಬೀಳಲಿ ಬಿಡಿ.

‘ಎಷ್ಟು ಹೊತ್ತು’ ಎಂಬುದನ್ನು ಮಕ್ಕಳು ಬರೆಯುವುದೇ ಇಲ್ಲ ಎಂದಿದ್ದೀರಿ. ನಿಮಿಷ ಕೇಳಬೇಡಿ, ಗುರುತು ಕೇಳಿ. ಸಾಸಿವೆ ಸಿಡಿಯುವವರೆಗೆ, ಜೀರಿಗೆ ಘಮ್ ಅನ್ನುವವರೆಗೆ, ಒಂದೆಲಗ ನುಣ್ಣಗಾಗುವವರೆಗೆ. ಗಡಿಯಾರ ನೋಡಲು ಬಾರದ ಮಗುವಿಗೂ ಇವೆಲ್ಲ ಗೊತ್ತಿರುತ್ತವೆ. ಅವು ಬರೆಯುವಂಥ ವಿಷಯ ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಅಳತೆ ತೋರಿಸಲು, ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪುಡಿಯ ಒಂದು ಲೀಟರಿನ ಪೊಟ್ಟಣ ತಂದು ಅದರ ಮೇಲಿನ ಸೂಚನೆ ಓದಿಸಿ. ಇಡೀ ಪೊಟ್ಟಣ, ಒಂದು ಲೀಟರ್ ಶುದ್ಧ ನೀರು, 24 ಗಂಟೆ ಕಳೆದರೆ ಚೆಲ್ಲಬೇಕು. ‘ಇಡೀ’ ಬಿಟ್ಟುಹೋದರೆ ಏನಾಗುತ್ತದೆ, ‘ಒಂದು ಲೀಟರ್’ ಬಿಟ್ಟುಹೋದರೆ ಏನಾಗುತ್ತದೆ ಎಂದು ಕೇಳಿ. ಒಂದೇ ಲೋಟ ನೀರಿಗೆ ಅಷ್ಟೂ ಪುಡಿ ಸುರಿದು ಕುಡಿಸಿದರೆ ಉಪ್ಪು ಮಿತಿ ಮೀರಿ ಮಗುವಿಗೆ ಅಪಾಯ. ಇದನ್ನು ಅವರಿಗೆ ಹೇಳಿಯೇ ಹೇಳಿ.

ಭಾಷೆಯ ಬಗ್ಗೆ ಎರಡು ಮಾತು. ‘ಅರೆಯುತ್ತಾಳೆ’, ‘ಹಾಕಬೇಕು’, ‘ಹಾಕು’ ಎಂದು ಒಂದೇ ವಾಕ್ಯದಲ್ಲಿ ಮೂರು ದಾರಿ ಹಿಡಿದಿದ್ದಾಳೆ. ಯಾರಿಗೆ ಹೇಳುತ್ತಿದ್ದೀಯಾ ಎಂದು ಕೇಳಿದರೆ ಅವಳೇ ಒಂದನ್ನು ಹಿಡಿಯುತ್ತಾಳೆ. ‘ತಂದು ತೊಳೆದು’ ಎಂದು ಉದ್ದಕ್ಕೆ ಹೆಣೆಯುವುದು ನಮ್ಮ ಮಾತಿನ ರೂಢಿ, ಅದು ತಪ್ಪಲ್ಲ. ಮಾಡುವವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬೇರೆ ಏನನ್ನಾದರೂ ಎತ್ತಿಕೊಳ್ಳುವ ಕಡೆ ಪೂರ್ಣವಿರಾಮ ಹಾಕಿಸಿ, ಸಾಕು. ‘ಮಜಿಗೆ’ಯನ್ನು ಪ್ರತಿ ಮಾಡಿಸುವಾಗ ತಿದ್ದಿದರಾಯಿತು. ಮೊದಲ ಸಲ ಬರೆದದ್ದಕ್ಕೆ ಕೆಂಪು ಶಾಯಿ ತಾಗಿಸಬೇಡಿ.

ಇನ್ನು ನಿಜವಾದ ಓದುಗರು ಬೇಕಲ್ಲ, ಘಟ್ಟದ ಕೆಳಗೆ ಇದ್ದಾರೆ. ಕರಾವಳಿಯ ಒಂದು ಶಾಲೆಯ ಜೊತೆ ಪತ್ರ ಬದಲಾಯಿಸಿಕೊಳ್ಳಿ. ನಿಮ್ಮವರು ತಂಬುಳಿ, ಅಡಿಕೆ ಬರೆದು ಕಳಿಸಲಿ. ಆ ಮಕ್ಕಳು ಬಳಚು ಎಂಬ ಚಿಪ್ಪುಜೀವಿಯನ್ನು ತೊಳೆಯುವುದನ್ನು ಬರೆಯಲಿ. ಮರಳು ಉಗುಳಲಿ ಅಂತ ಉಪ್ಪುನೀರಿನಲ್ಲಿ ಇಡಬೇಕು, ಬೇಯಿಸಿದಾಗ ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು. ಇದನ್ನು ಅವರೂ ಮೊದಲ ಸಲ ಬಿಟ್ಟೇ ಬರೆಯುತ್ತಾರೆ, ನೋಡುತ್ತಿರಿ. ಮೀನು ಮುಟ್ಟದ ಮನೆಯ ಮಕ್ಕಳು ಮಾಡಿ ನೋಡುವುದು ಬೇಡ, ಓದಿ ಪ್ರಶ್ನೆ ಕೇಳಿ ಬರೆದರೆ ಆಯಿತು. ಬಂದ ಪ್ರಶ್ನೆಗಳನ್ನು ಇಟ್ಟುಕೊಂಡು ಎರಡನೇ ಸಲ ಬರೆಸಿ.

ಗುರುತಿನ ಶಾಲೆ ಇಲ್ಲದಿದ್ದರೆ ನಮಗೆ ತಿಳಿಸಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯ ಅಕ್ಕೋರು, ಮಾಸ್ತರರು ಯಾರಾದರೂ ಇದನ್ನು ಓದಿ ಮುಂದೆ ಬಂದರೆ ಅವರ ವಿಳಾಸ ನಿಮಗೆ ಕಳಿಸುತ್ತೇವೆ. ಹುಡುಗಿ ತಂಬುಳಿಯನ್ನು ಮತ್ತೆ ಬರೆದಾಗ ಒಂದು ಪ್ರತಿ ನಮಗೂ ಹಾಕಿ. ಡಿಟಿಪಿ ಹುಡುಗ ಮಾಡಿ ನೋಡುತ್ತಾನಂತೆ.

— ಸಂಪಾದಕ