ಹಾಡು ಕಳಿಸುವ ಮುಂಚೆ ಅದರ ಹಕ್ಕು ಯಾರದು ಅಂತ ಬರೆದಿಡಿ

ಚಿತ್ರ, ಜಾಹೀರಾತುಗಳಿಗೆ ಹಾಡು ಹುಡುಕಿ, ಅವುಗಳ ಹಕ್ಕು ಹೊಂದಿಸಿಕೊಡುವುದು ನನ್ನ ಕೆಲಸ. ಸ್ವತಂತ್ರ ಸಂಗೀತಗಾರರಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆಯಿಲ್ಲ.

ಪ್ರಶ್ನೆ: ಸಿಕ್ಕವರಿಗೆಲ್ಲ ಹಾಡು ಕಳಿಸಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ವಶೀಲಿ ಇಲ್ಲದವರು ಇಲ್ಲಿ ಪರಿಚಯ ಬೆಳೆಸುವುದು ಹೇಗೆ?

ವಶೀಲಿ ಮಾತು ಆಮೇಲೆ. ಸಿಕ್ಕವರಿಗೆಲ್ಲ ಕಳಿಸಿದ್ದೇ ಮೊದಲ ತಪ್ಪು. ಅಂಥ ಮೇಲ್ ನನಗೆ ದಿನವೂ ಬರುತ್ತದೆ. ವಿಷಯದ ಜಾಗ ಖಾಲಿ. ನನ್ನ ವಿಳಾಸದ ಪಕ್ಕದಲ್ಲೇ ಇನ್ನೂ ಹತ್ತಾರು ಜನರ ವಿಳಾಸ. ಕೆಳಗೆ ಆರು ಹಾಡಿನ ಫೈಲು, ಒಂದರ ಹೆಸರು 'ಫೈನಲ್ ಮಿಕ್ಸ್ ಹೊಸದು 3'. ಅದನ್ನು ಇಳಿಸಿಕೊಂಡರೆ ತಿಂಗಳಾದ ಮೇಲೆ ಯಾರ ಹಾಡು ಅಂತ ನನಗೆ ಹೇಗೆ ಗೊತ್ತಾಗಬೇಕು? ಇನ್ನು ಕೆಲವರು ಕೆಲವೇ ದಿನಕ್ಕೆ ಸತ್ತುಹೋಗುವ ಲಿಂಕ್ ಕಳಿಸುತ್ತಾರೆ.

ಒಬ್ಬರಿಗೆ ಒಂದು ಮೇಲ್ ಬರೆಯಿರಿ. ಅವರು ಈಚೆಗೆ ಮಾಡಿದ ಯಾವ ಕೆಲಸ ನೋಡಿ ಬರೆಯುತ್ತಿದ್ದೀರಿ ಅಂತ ಒಂದು ಸಾಲು, ನಿಮ್ಮ ಯಾವ ಹಾಡು ಅಲ್ಲಿಗೆ ಯಾಕೆ ಹೊಂದುತ್ತದೆ ಅಂತ ಇನ್ನೊಂದು ಸಾಲು. ಒತ್ತಿದ ಕೂಡಲೇ ಕೇಳಿಸುವ ಲಿಂಕ್, ಎರಡೇ ಹಾಡು. ನಿಮ್ಮ ಫೋನ್ ನಂಬರ್. ಸಾಕು. ಬಾಲ್ಯದ ಕಥೆ, ಪ್ರಶಸ್ತಿಗಳ ಪಟ್ಟಿ ಬೇಡ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಅದಕ್ಕೂ ಬರದಿದ್ದರೆ ಮುಂದಿನ ಹಾಡು ಬರುವವರೆಗೆ ಸುಮ್ಮನಿರಿ.

ಇಷ್ಟು ಮಾಡುವವರೂ ಎಡವುವ ಜಾಗ ಇನ್ನೊಂದಿದೆ, ನನಗೆ ನಿಜಕ್ಕೂ ಸಂಕಟ ಆಗುವುದು ಅಲ್ಲೇ. ಹಾಡು ದೃಶ್ಯಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ, ಎಡಿಟರ್ ಅದನ್ನಿಟ್ಟುಕೊಂಡೇ ದೃಶ್ಯ ಕತ್ತರಿಸಿರುತ್ತಾರೆ, ನಾನು ಫೋನ್ ಮಾಡಿ ಸಾಹಿತ್ಯ ಯಾರದು ಅಂತ ಕೇಳಿದರೆ 'ಒಬ್ಬ ಫ್ರೆಂಡ್ ಬರೆದಿದ್ದು, ಈಗ ಅಷ್ಟು ಮಾತಿಲ್ಲ' ಅನ್ನುತ್ತಾರೆ. ಮುಗಿಯಿತು. ನಾನು ಮುಂದಿನ ಹಾಡಿಗೆ ಹೋಗಲೇಬೇಕು. ಒಂದು ಹಾಡಲ್ಲಿ ಎರಡು ಹಕ್ಕು ಇರುತ್ತವೆ: ಸಾಹಿತ್ಯ ಮತ್ತು ಸಂಯೋಜನೆಯದು ಒಂದು, ರೆಕಾರ್ಡಿಂಗ್‌ದು ಇನ್ನೊಂದು. ಎರಡಕ್ಕೂ ಒಪ್ಪಿಗೆ ಸಿಗದೆ ನಾವು ಹಾಡು ಮುಟ್ಟುವ ಹಾಗಿಲ್ಲ. ಅದಕ್ಕೇ ರೆಕಾರ್ಡಿಂಗ್ ಮುಗಿದ ದಿನವೇ, ಎಲ್ಲರೂ ಖುಷಿಯಾಗಿರುವಾಗಲೇ, ಯಾರ ಪಾಲು ಎಷ್ಟು ಅಂತ ಬರೆದು ಸಹಿ ಹಾಕಿಸಿ. ಎರಡೂ ಹಕ್ಕಿನ ಪಾಲುಗಳು ಬೇರೆ ಬೇರೆಯಾಗಿ ಶೇಕಡಾ 100ಕ್ಕೆ ಕೂಡಬೇಕು. ಜೊತೆಗೆ ಪ್ರತಿ ರೆಕಾರ್ಡಿಂಗನ್ನೂ ಬೇರೆಯಾಗಿ ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಕೋಡ್, ಗಾಯನವಿಲ್ಲದ ಮೈನಸ್ ಟ್ರ್ಯಾಕ್, 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲು ರೆಡಿ ಇಟ್ಟಿರಿ. ಕೇಳಿದ ದಿನವೇ ಇವನ್ನೆಲ್ಲ ಕಳಿಸಿದವರನ್ನು ನಾನು ಮರೆಯುವುದಿಲ್ಲ.

ಈಗ ವಶೀಲಿ. ನೀವು ದೊಡ್ಡ ಹೆಸರುಗಳ ಬೆನ್ನು ಹತ್ತುತ್ತೀರಿ. ಆದರೆ ಸಂಜೆಯೊಳಗೆ ಒಬ್ಬ ಗಾಯಕಿ ಬೇಕು ಅಂದಾಗ ನಾನು ಕೇಳುವುದು ಮಿಕ್ಸಿಂಗ್ ಮಾಡುವವರನ್ನು. ಎಷ್ಟೋ ಆಯೋಜಕರು ಕೇಳುವುದು ಸೌಂಡ್ ಎಂಜಿನಿಯರನ್ನು. ಅವರು ಎಲ್ಲರ ಜೊತೆ ಕೆಲಸ ಮಾಡಿರುತ್ತಾರೆ, ಯಾರು ಟೈಮಿಗೆ ಬರುತ್ತಾರೆ, ಯಾರು ಸೌಂಡ್‌ಚೆಕ್‌ನಲ್ಲಿ ರೇಗಾಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಎಷ್ಟು ಮೈಕ್, ಎಷ್ಟು ವಾದ್ಯ, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ಅವರಿಗೆ ಮೊದಲೇ ಕಳಿಸಿ. ಹಾಡು ಬಿಡುಗಡೆಯಾದಾಗ ಅವರ ಹೆಸರನ್ನೂ ಹಾಕಿ. ನಿಮ್ಮ ಡ್ರಮ್ಮರ್ ಇನ್ನೂ ನಾಲ್ಕು ಬ್ಯಾಂಡುಗಳಲ್ಲಿ ನುಡಿಸುತ್ತಿರಬಹುದು. ಆ ನಾಲ್ಕೂ ಬ್ಯಾಂಡಿನವರು ನಿಮ್ಮ ಹೆಸರು ಕೇಳುವುದು ಅವರ ಬಾಯಿಂದಲೇ ಅಲ್ವಾ?

ಪ್ರಶ್ನೆ: ಫಾಲೋವರ್ಸ್ ಎಷ್ಟಿರಬೇಕು?

ನಾನು ನೋಡುವುದಿಲ್ಲ. ಹಾಡು ಕೇಳುತ್ತೇನೆ.

ಪ್ರಶ್ನೆ: ದುಡ್ಡು ಕೊಟ್ಟರೆ ಪ್ಲೇಲಿಸ್ಟ್‌ಗೆ ಸೇರಿಸಿ, 'ಇಂಡಸ್ಟ್ರಿ ಕಾಂಟ್ಯಾಕ್ಟ್ಸ್' ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಕೊಡಲೇ?

ಒಂದು ರೂಪಾಯಿಯೂ ಕೊಡಬೇಡಿ. ಇಂಥವರು ಹೆಚ್ಚಾಗಿ ಕೊಡಿಸುವುದು ಬಾಟ್‌ಗಳ, ಅಂದರೆ ಮನುಷ್ಯರಲ್ಲದ ತಂತ್ರಾಂಶಗಳ, ಕೇಳುವಿಕೆ. ಸ್ಪಾಟಿಫೈ ಅದನ್ನು ಹಿಡಿದರೆ ಎಣಿಕೆ ಅಳಿಸುತ್ತದೆ, ನಿಮ್ಮ ಹಾಡನ್ನು ಅಲ್ಲಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕಬಹುದು. ಆಮೇಲೆ ಹಾಡನ್ನೇ ತೆಗೆದುಹಾಕಿದರೆ ಅಳುವವರು ನೀವು, ಆ ಏಜೆಂಟ್ ಫೋನ್ ಎತ್ತುವುದಿಲ್ಲ. ಸ್ಪಾಟಿಫೈನ ಸಂಪಾದಕರಿಗೆ ಹಾಡು ಸೂಚಿಸಲು ಅವರದೇ 'ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್' ಅನ್ನುವ ಕಲಾವಿದರ ಖಾತೆಯಲ್ಲಿ ಜಾಗವಿದೆ, ಅದು ಉಚಿತ. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು, ಇನ್ನೂ ಬೇಗ ಕಳಿಸಿದರೆ ಒಳ್ಳೆಯದು.

ಪ್ರಶ್ನೆ: ಹೆಸರು ಬರುತ್ತದೆ ಅಂತ ಪುಕ್ಕಟೆ ಹಾಡಬೇಕೇ?

ಕರೆದವರು ಟಿಕೆಟ್ ಮಾರುತ್ತಿದ್ದರೆ ಬೇಡ. ಗೆಳೆಯರ ಕೆಲಸಕ್ಕೆ, ನಿಮಗೆ ಮನಸ್ಸಿದ್ದರೆ, ಹಾಡಿ. ಆಗಲೂ ಆ ರೆಕಾರ್ಡಿಂಗ್ ಯಾರದು ಅಂತ ಮೊದಲೇ ಬರೆದುಕೊಳ್ಳಿ.