ಅಮ್ಮನ 60ನೇ ಹುಟ್ಟುಹಬ್ಬಕ್ಕೆ ಯಾವ ಚಿತ್ರ ಬಿಡಿಸಿಕೊಡಲಿ?

ಒಂದು ವರ್ಷದಿಂದ ವಾಟರ್‌ಕಲರ್ ಕಲಿಯುತ್ತಿದ್ದೀರಿ, ಅಮ್ಮನಿಗೆ ನಿಮ್ಮ ಕೈಯಾರೆ ಬಿಡಿಸಿದ್ದನ್ನೇ ಕೊಡಬೇಕು, ಅವರ ಮುಖ ಬಿಡಿಸಲೋ ದೇವರನ್ನೋ ಅಂತ ಕೇಳಿದ್ದೀರಿ. ನಾನಾದರೆ ಎರಡೂ ಬೇಡ ಅಂತೀನಿ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

ಅಪ್ಪ ಅಮ್ಮನ ಮದುವೆ ಫೋಟೊ ನೋಡಿಕೊಂಡು ಇಬ್ಬರನ್ನೂ ಬಿಡಿಸಿದ್ದೆ. ಮೂರು ವಾರದ ಕೆಲಸ. ಊಟಕ್ಕೆ ಬಂದ ಸೋದರತ್ತೆ ಅದನ್ನು ನೋಡಿ, "ದೊಡ್ಡಣ್ಣಂದು ಯಾವಾಗ ಬಿಡಿಸಿದ್ಯೋ?" ಅಂದರು. ಅಪ್ಪನ ಮೂಗು ಒಂಚೂರು ಅಗಲ ಆಗಿತ್ತು, ಅಷ್ಟೇ! ಮರ ಒಂದಿಂಚು ವಾಲಿದರೆ ಯಾರೂ ಕೇಳಲ್ಲ. ತುಟಿ ಒಂದು ಗೆರೆ ಜರುಗಿದರೆ ಬೇರೆ ಯಾರೋ ಬಂದು ಕೂತುಬಿಡುತ್ತಾರೆ. ವಾಟರ್‌ಕಲರ್‌ನಲ್ಲಿ ತಿದ್ದೋಕೂ ಆಗಲ್ಲ.

ದೇವರದ್ದು ಇನ್ನೊಂದು ಫಜೀತಿ. ಅಜ್ಜಿಗೆ ಗಣಪತಿ ಬಿಡಿಸಿಕೊಟ್ಟೆ. ಅಂದ ಕಾಣಲಿ ಅಂತ ಸೊಂಡಿಲು ಬಲಮುರಿ ಮಾಡಿದ್ದೆ. "ಬಲಮುರಿ ಗಣಪತಿ ಮನೇಲಿಟ್ಟರೆ ಮಡಿ, ನೇಮ ಜಾಸ್ತಿ ಕಣಪ್ಪ, ನನ್ನ ಕೈಲಾಗಲ್ಲ" ಅಂದರು. ಎಸೆಯೋ ಹಾಗಿಲ್ಲ, ಗೋಡೆಗೆ ಹಾಕೋ ಹಾಗೂ ಇಲ್ಲ. ಈಗಲೂ ಬೀರುವಿನ ಮೇಲೆ ಪಂಚೆಯಲ್ಲಿ ಸುತ್ತಿಟ್ಟಿದೆ.

ಕೈ ಹಿಡಿದದ್ದು ಹಂಡೆ. ಅಮ್ಮನ ತವರು ಸಾಗರದ ಕಡೆ. ಅಲ್ಲಿ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ ಇತ್ತು. ಮನೆ ಪಾಲಾದಾಗ ಗುಜರಿಗೆ ಹೋಯಿತು. ಒಂದು ಫೋಟೊನೂ ಇಲ್ಲ. ಬಚ್ಚಲಿನ ಫೋಟೊ ಯಾರು ತೆಗೀತಾರೆ ಹೇಳಿ? ಸ್ನಾನದ ನೀರು ಕಾಯಿಸುವ ಮಾತು ಬಂದಾಗಲೆಲ್ಲ ಅಮ್ಮ ಅದರ ಸುದ್ದಿ ತೆಗೆಯುತ್ತಿದ್ದರು. ಗೀಸರ್ ನೀರು ಮೈಗೆ ಹತ್ತಲ್ಲವಂತೆ.

ಹಂಡೆ ನನ್ನಂಥವನಿಗೂ ಒಲಿಯಿತು. ಮೈಗೆ ಬರ್ನ್ಟ್ ಸಿಯೆನಾ, ಅಂದರೆ ಕೆಂಗಂದು ಬಣ್ಣ, ತೆಳ್ಳಗೆ. ಅದು ಹಸಿ ಇರುವಾಗಲೇ ತಳದ ಕಡೆಯಿಂದ ಅಲ್ಟ್ರಾಮರೀನ್ ನೀಲಿ ಬಿಟ್ಟೆ. ಎರಡೂ ಕಲೆತು ಮಸಿ ತಾನಾಗೇ ಹತ್ತಿತು. ಟ್ಯೂಬಿನ ಕಪ್ಪು ಹಾಕಬೇಡಿ, ಡಾಂಬರು ಬಳಿದಂತೆ ಕಾಣುತ್ತೆ. ಕಂಠದ ಹೊಳಪಿಗೆ ಕಾಗದದ ಬಿಳಿಯನ್ನೇ ಬಿಟ್ಟೆ. ಒಲೆಯ ಪಕ್ಕ ಒಂದಿಷ್ಟು ಒಣ ಸೋಗೆ.

ಅಮ್ಮ ಅದನ್ನು ನೋಡಿ ಚೆನ್ನಾಗಿದೆ ಅನ್ನಲಿಲ್ಲ. "ನೆಗ್ಗಿದ್ದು ಈ ಕಡೆ ಅಲ್ವೋ, ಒಲೆ ಕಡೆ" ಅಂದರು. ಆಮೇಲೆ ಶುರುವಾಯಿತು. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆ, ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುವುದು ಇವರ ಪಾಲಿನ ಕೆಲಸವಂತೆ. ಅದರ ಕುತ್ತಿಗೆಗೆ ಸುತ್ತೋಕೆ ಹಿಂಡಲಕಾಯಿ ಬಳ್ಳಿ ಹುಡುಕಿಕೊಂಡು ಬರೋದು ಮಾವನ ಕೆಲಸ. ಅವನು ಒಮ್ಮೆ ಬಳ್ಳಿ ಸಿಗಲಿಲ್ಲ ಅಂತ ಸುಳ್ಳು ಹೇಳಿ ಒದೆ ತಿಂದಿದ್ದು. ಅರ್ಧ ಗಂಟೆ ಚಿತ್ರ ಕೆಳಗಿಡಲಿಲ್ಲ.

ನಿಮ್ಮ ಅಮ್ಮನ ಹಂಡೆ ಯಾವುದು ಅಂತ ನನಗೆ ಗೊತ್ತಿಲ್ಲ. ತವರಿನ ಬಾವಿಕಟ್ಟೆ ಇರಬಹುದು, ಮೊದಲ ಸಂಬಳದ ಹೊಲಿಗೆ ಮಿಷನ್ನು ಇರಬಹುದು. "ಏನು ಬಿಡಿಸಲಿ?" ಅಂತ ಮಾತ್ರ ಕೇಳಬೇಡಿ. "ಸುಮ್ನೆ ಯಾಕೆ ದುಡ್ಡು ದಂಡ" ಅನ್ನೋ ಉತ್ತರ ಬರುತ್ತೆ. ತರಕಾರಿ ಹೆಚ್ಚುವಾಗ ಪಕ್ಕ ಕೂತು, "ಅಮ್ಮ, ನಿಮ್ಮನೆ ಬಾವಿ ಹಿಂದುಗಡೆ ಇತ್ತಾ, ಪಕ್ಕದಲ್ಲಾ?" ಅನ್ನಿ. ಈಳಿಗೆಮಣೆ ಸರಿಸಿ ನೆಲದ ಮೇಲೆ ಬೆರಳಲ್ಲೇ ನಕ್ಷೆ ಬರೆದು ತೋರಿಸುತ್ತಾರೆ. ರಾಟೆ ಎಲ್ಲಿತ್ತು, ಕೊಡ ಎಲ್ಲಿಡುತ್ತಿದ್ದರು, ಎಲ್ಲ ಗುರುತು ಹಾಕಿಕೊಳ್ಳಿ. ನಾನು ನೆಗ್ಗಿದ್ದು ಯಾವ ಕಡೆ ಅಂತ ಕೇಳೋದನ್ನೇ ಮರೆತಿದ್ದೆ.

ಇನ್ನು ಸಾಮಾನು. ಎ4 ಅಳತೆ ಸಾಕು, 300 ಜಿಎಸ್‌ಎಂನ ದಪ್ಪ ಕಾಗದ ತಗೊಳ್ಳಿ, ತೆಳ್ಳಗಿನದು ನೀರಿಗೆ ಸುರುಟಿಕೊಳ್ಳುತ್ತೆ. ಅಗ್ಗದ ಸೆಟ್ಟಿನ ಗುಲಾಬಿ, ನೇರಳೆ ಬಣ್ಣಗಳನ್ನು ನಂಬಬೇಡಿ. ಟ್ಯೂಬಿನ ಮೇಲೆ ಬಣ್ಣದ ಸಂಕೇತ ಪಿಆರ್ 83 (PR83) ಅಂತಿದ್ದರೆ ಅದು ಹಳೇ ಅಲಿಝರಿನ್ ಕೆಂಪು, ಬೆಳಕಿಗೆ ಮಾಸುತ್ತೆ. ಫ್ರೇಮ್ ಹಾಕಿಸುವಾಗ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು) ಕೇಳಿ ಹಾಕಿಸಿ, ಗಾಜು ಚಿತ್ರಕ್ಕೆ ತಾಗಬಾರದು. ಬಿಸಿಲು ಬೀಳುವ ಗೋಡೆ ಬೇಡ.

ಹುಟ್ಟುಹಬ್ಬ ಯಾವಾಗ ಅಂತ ನೀವು ಬರೆದಿಲ್ಲ. ಮಳೆಗಾಲದಲ್ಲಾದರೆ ಒಂದು ವಾರ ಜಾಸ್ತಿ ಇಟ್ಟುಕೊಳ್ಳಿ, ಬಣ್ಣ ಬೇಗ ಒಣಗಲ್ಲ.