ಪೇಪರ್ ಕಪ್ ಟೀ, ಪಾರ್ಸಲ್ ಸಾಂಬಾರ್ ಮತ್ತು ಕೊಲೈಟಿಸ್

ಪ್ರಶ್ನೆ: ನನಗೆ 36 ವರ್ಷ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದೆ. ಮೆಸಲಮೈನ್ ಮಾತ್ರೆಯಿಂದ ರಕ್ತ ಬೀಳುವುದು ನಿಂತಿದೆ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಕ್ಕೆ ಐದಾರು ಸಲ ಪೇಪರ್ ಕಪ್ಪಿನಲ್ಲಿ ಟೀ, ಮಧ್ಯಾಹ್ನ ಹೋಟೆಲ್ ಪಾರ್ಸಲ್. ಈ ಕಾಯಿಲೆ ಬರುವುದೇ ಪ್ಲಾಸ್ಟಿಕ್ ಕಣಗಳಿಂದ ಅಂತ ವಾಟ್ಸಾಪ್‌ನಲ್ಲಿ ಓದಿದೆ. ಪ್ಲಾಸ್ಟಿಕ್ ಬಿಟ್ಟರೆ ಮಾತ್ರೆ ನಿಲ್ಲಿಸಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾತ್ರೆ ಮಾತ್ರ ನಿಲ್ಲಿಸಬೇಡಿ. ರಕ್ತ ನಿಂತಿರುವುದೇ ಅದರಿಂದ. ಆರಾಮಾಯ್ತು ಅಂತ ತಾವೇ ಬಿಟ್ಟು, ಮತ್ತೆ ರಕ್ತ ಕಂಡ ಮೇಲೆ ಗಾಬರಿಯಿಂದ ಬರುವವರನ್ನು ನನ್ನ ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇರುತ್ತೇನೆ.

ವಾಟ್ಸಾಪ್ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಚೀನಾದ ನಾನ್‌ಜಿಂಗ್‌ನ ಸಂಶೋಧಕರು ಇಂಥ ಕಾಯಿಲೆಯ 52 ಜನರ ಮತ್ತು ಆರೋಗ್ಯವಾಗಿದ್ದ 50 ಜನರ ಮಲ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಒಣಗಿಸಿದ ಒಂದು ಗ್ರಾಂ ಮಲದಲ್ಲಿ ಕಾಯಿಲೆಯವರದ್ದು ಸುಮಾರು 42 ಕಣ, ಉಳಿದವರದ್ದು 28. ಕಾಯಿಲೆ ಜೋರಿದ್ದವರಲ್ಲಿ ಕಣಗಳೂ ಜಾಸ್ತಿ. ಹೆಚ್ಚು ಸಿಕ್ಕಿದ್ದು ಪಿಇಟಿ, ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್. ಆದರೆ ಕಣ ಸೇರಿ ಕರುಳು ಕೆಟ್ಟಿತೋ, ಕೆಟ್ಟ ಕರುಳಲ್ಲಿ ಕಣ ಉಳಿಯಿತೋ? ಈ ಲೆಕ್ಕ ಅದನ್ನು ಹೇಳುವುದಿಲ್ಲ. ಇಲಿಗಳ ಕರುಳಿಗೆ ಮೊದಲೇ ಉರಿಯೂತ ತರಿಸಿ, ಪಾಲಿಸ್ಟೈರೀನ್ (ಥರ್ಮೋಕೋಲ್‌ನ ಪ್ಲಾಸ್ಟಿಕ್) ಕಣ ಕೊಟ್ಟಾಗ ಅದು ಇನ್ನೂ ಕೆರಳಿದ್ದುಂಟು. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆ ಪದರ ಕೊಲೈಟಿಸ್‌ನಲ್ಲಿ ತೆಳುವಾಗಿರುತ್ತದೆ. ಹಾಗಾಗಿ ನಿಮ್ಮಂಥವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದೇ.

ಹುಷಾರು ಬೇಕಾಗಿರುವುದು ಬಿಸಿ ಪದಾರ್ಥದ ಹತ್ತಿರ. ಪೇಪರ್ ಕಪ್ಪಿನ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ ಇರುತ್ತದೆ. ಅದರಲ್ಲಿ 100 ಎಂಎಲ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಕಣ ಬಿಡುತ್ತದೆ ಅಂತ ಖರಗ್‌ಪುರ ಐಐಟಿಯವರು ತೋರಿಸಿದ್ದಾರೆ. ಟೀ ಅಷ್ಟು ಹೊತ್ತು ಇರಲ್ಲ ನಿಜ, ಆದರೆ ನಿಮ್ಮದು ಐದಾರು ಕಪ್ ಅಲ್ವಾ? ಗಲ್ಲಾ ಪಕ್ಕ ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ, ಟೀ ಹುಡುಗ ಅದಕ್ಕೇ ಸುರಿಯುತ್ತಾನೆ. ಕುದಿಯುವ ಸಾಂಬಾರನ್ನು ಕವರಿಗೆ ಹಾಕಿಸಿಕೊಳ್ಳುವ ಬದಲು ಕ್ಯಾರಿಯರ್ ಕಳಿಸಿ. ಇಡ್ಲಿ ಬಟ್ಟೆಯ ಮೇಲೆ ಬೇಯಿಸಿದ್ದಾ ಅಂತಲೂ ಕೇಳಿ. 2025ರಲ್ಲಿ ನಮ್ಮ ರಾಜ್ಯದಲ್ಲೇ 251 ಕಡೆ ನೋಡಿದಾಗ 52 ಕಡೆ ಪ್ಲಾಸ್ಟಿಕ್ ಹಾಳೆ ಸಿಕ್ಕಿತ್ತು. ಬೇಳೆ, ಅಕ್ಕಿ ತುಂಬಿಟ್ಟ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬಿಸಿಯೇನೂ ಇಲ್ಲ, ಅವನ್ನೆಲ್ಲ ಸುಮ್ನೆ ಎಸೆಯುವುದು ಬೇಡ.

ಕಾಯಿಲೆ ಎಷ್ಟು ವರ್ಷದ್ದು ಅಂತ ನೀವು ಬರೆದಿಲ್ಲ. ಎಂಟು ವರ್ಷ ಆಗಿದ್ದರೆ ಕೊಲೊನೋಸ್ಕೋಪಿ (ಕ್ಯಾನ್ಸರ್ ಸುಳಿವಿದೆಯಾ ಅಂತ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಪ್ಲಾಸ್ಟಿಕ್ ಚಿಂತೆಗಿಂತ ಅದು ಮೊದಲು ಆಗಬೇಕಾದ ಕೆಲಸ.